ಮೆನು ಕಾರ್ಡು ಓದುವ ಮಗಳು

ಸೋಮವಾರ, ಜನವರಿ ೧೩

ಮಿಸ್ ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಕೆಟ್ಟ ನಗುವಲ್ಲ, ಅದೇ ಕಷ್ಟ.

ಮಗಳು ಯಕ್ಷಿತಾಗೆ ನಾಲ್ಕೂವರೆ ವರ್ಷ. ಫೋರ್ಟ್ ಪೇಟೆಯಲ್ಲಿ ನಾನು ಕೆಲಸ ಮಾಡುವ ಹೋಟೆಲಿನ ಹಳೇ ಮೆನು ಕಾರ್ಡೇ ಅವಳ ಪುಸ್ತಕ. ನಾನು ಗಿರಾಕಿಗಳಿಗೆ ತಿಂಡಿ ಹೇಳುವ ಧಾಟಿಯಲ್ಲೇ, ಸಾಲಿನ ಕೆಳಗೆ ಬೆರಳಿಟ್ಟು ಒಂದೇ ಉಸಿರಿಗೆ ಓದುತ್ತಾಳೆ. ಮಗಳಿಗೆ ಓದಲು ಬಂತೆಂದು ನಾವಿರುವ ಚಾಳಿನ ಮನೆಮನೆಗೆ ಹೇಳಿಕೊಂಡು ಬಂದವನು ನಾನೇ.

ಇವತ್ತು ಶಾಲೆಯಲ್ಲಿ ಮಿಸ್ ಅವಳಿಗೆ ಆನೆಯ ಕತೆಯ ಇಂಗ್ಲಿಷ್ ಪುಸ್ತಕ ಕೊಟ್ಟರು. ಬೆರಳಿಟ್ಟು ಶುರು ಮಾಡಿದಳು: "ಇಡ್ಲಿ, ಮೆದುವಡಾ, ಉಪ್ಮಾ, ಶೀರಾ..."

"ಪಢ್ ನಹೀ ರಹೀ, ಯಾದ್ ಕಿಯಾ ಹೈ. ಕೋಯೀ ಬಾತ್ ನಹೀ, ಐಸೇ ಹೀ ಶುರೂ ಹೋತಾ ಹೈ. ಘರ್ ಪೇ ರೋಜ್ ಪಢ್‌ಕೇ ಸುನಾಯಿಯೇ" ಎಂದು ಮಿಸ್ ನಕ್ಕು, ಆ ಪುಸ್ತಕವನ್ನೇ ನನ್ನ ಕೈಗೆ ಕೊಟ್ಟರು.

ಓದುವುದಲ್ಲವಂತೆ, ಬಾಯಿಪಾಠವಂತೆ. ಪರವಾಗಿಲ್ಲ, ಶುರುವಾಗುವುದೇ ಹೀಗಂತೆ. ದಿನಾ ಓದಿ ಹೇಳಬೇಕಂತೆ. ಯಾರು ಓದುವುದು? ಹೆಂಡತಿ ಪ್ರಫುಲ್ಲಾಳಿಗೂ ನನಗೂ ಓದಲು ಬರುವುದು ಕನ್ನಡ. ಮೆನುವಿನ ಇಂಗ್ಲಿಷ್ ನನಗೆ ಗೊತ್ತು, ಆನೆಯದ್ದು ಗೊತ್ತಿಲ್ಲ.

ರಾತ್ರಿ ಊಟವಾದ ಮೇಲೆ ಮಗಳೇ ಪುಸ್ತಕ ತಂದು ಮಡಿಲಲ್ಲಿ ಕೂತಳು. ನಾನು ಚಿತ್ರ ನೋಡಿಕೊಂಡು, ಸಾಲಿನ ಕೆಳಗೆ ಬೆರಳೆಳೆಯುತ್ತ, ಬಾಯಿಗೆ ಬಂದದ್ದನ್ನು ಹೇಳಿದೆ. ಕಣ್ಣರಳಿಸಿ ಕೇಳಿದಳು.

"ಪಪ್ಪಾ, ಇನ್ನೊಮ್ಮೆ ಓದು."

ಓದಿದೆ. ನಡುವೆಯೇ ನನ್ನ ಬೆರಳು ಹಿಡಿದು ನಿಲ್ಲಿಸಿದಳು.

"ಆಗ ಹೀಗೆ ಇರ್ಲಿಲ್ಲ ಪಪ್ಪಾ."

ಬಾಯಿಪಾಠವೇ ಇರಲಿ, ಅವಳು ಮೆನುವಿನ ಒಂದು ತಿಂಡಿಯನ್ನೂ ತಪ್ಪಿಸಿದವಳಲ್ಲ.

ಈಗ ಮಲಗಿದ್ದಾಳೆ. ನಾಳೆಯೂ ಅದೇ ಪುಸ್ತಕ ತರುತ್ತಾಳೆ. ಆನೆಗೆ ಮೊದಲು ಬಾಳೆಹಣ್ಣು ಕೊಟ್ಟಿದ್ದೆನೋ, ಇಲ್ಲಾ ಹೊಳೆಯಲ್ಲಿ ಸ್ನಾನ ಮಾಡಿಸಿದ್ದೆನೋ...