ಅಪ್ಪನ ಕೆಂಪು ಕೋಟು

ಡಿಸೆಂಬರ್ ೧೯, ರಾತ್ರಿ

ಕ್ಷಮಿಸು ಕರ್ತನೇ, ಪ್ರಾರ್ಥನೆಗೆ ಕೂತರೆ ಮಾತೇ ಹೊರಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ಹಾಸ್ಟೆಲ್ ಬೈಬಲ್ ಸ್ಟಡಿಯಲ್ಲಿ ಸೀನಿಯರ್ ಅಕ್ಕ, "ಕ್ರಿಸ್ಮಸ್ ತಾತ ಬೈಬಲಲ್ಲಿ ಎಲ್ಲಿದ್ದಾನೆ, ತೋರ್ಸು ನೋಡೋಣ. ಅದೆಲ್ಲ ಲೋಕದ್ದು, ಪಾಪ," ಅಂದರು. "ಹೌದಕ್ಕ" ಅಂದೆ.

ಆಮೇಲೆ ಅಪ್ಪನ ಫೋನ್. ಚರ್ಚಿನ ಮಕ್ಕಳಿಗೆ ಪ್ರತಿ ವರ್ಷ ಅವರೇ ಕ್ರಿಸ್ಮಸ್ ತಾತ. "ಈ ಸಲ ದಿಂಬು ಬೇಡ ಕಣೇ, ಹೊಟ್ಟೆ ನಂದೇ ಸಾಕು! ಕೋಟಿನ ಗುಂಡಿ ಕಿತ್ಹೋಗಿದೆ, ಬಂದು ಹಾಕ್ಕೊಡ್ತೀಯ ತಾನೆ?"

ಅವರಿಗೂ "ಹೂಂ" ಅಂದುಬಿಟ್ಟೆ.

ಟೋಟಲ್ ಕನ್‌ಫ್ಯೂಷನ್. ನನ್ನಪ್ಪ ನರಕಕ್ಕೆ ಹೋಗುತ್ತಾರಾ? ಅಥವಾ ಅಂಥ ಅಪ್ಪನ ಬಗ್ಗೆ ಹೀಗೆ ಯೋಚಿಸಿದ್ದಕ್ಕೆ ನಾನಾ? ಬೆಳಗ್ಗೆಯೇ ಊರಿನ ಬಸ್ಸು. ಗುಂಡಿ ಹಾಕಲಾ, ಬೇಡವಾ? ದಯವಿಟ್ಟು ಬೇಗ ಹೇಳು.