ಐಲಿಯ ಸಿ ಪ್ಲಸ್

ದಕ್ಷಿಣ ಮಿಷಿಗನ್, ಹಾಸ್ಟೆಲಿನ ಮೂರನೇ ಮಹಡಿ
ಜೂನ್ 4, ಬುಧವಾರ

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ಹಡಗಿನ ಅಡುಗೆಯವನು ಇನ್ನೂ ಆ ಡಾಂಬರಿನಂಥ ಕಾಫಿಯನ್ನೇ ಕೊಡುತ್ತಿದ್ದಾನಾ? ದಿನಕ್ಕೆ ಎರಡು ಲೋಟ ಸಾಕು, ಹೇಳಿದ್ದೇನೆ. ಅಮ್ಮ ಆರಾಮಾಗಿದ್ದಾಳೆ, ಹಿತ್ತಲಿನಲ್ಲಿ ಆಲೂಗಡ್ಡೆ ಹಾಕಿದ್ದಾಳಂತೆ. ನಿನ್ನ ಅದಿರಿನ ಹಡಗು ಡೆಟ್ರಾಯಿಟ್ ದಾಟುವಾಗ ಅಂಚೆ ದೋಣಿಯವರು ಇದನ್ನು ನಿನ್ನ ಕೈಗೆ ಮುಟ್ಟಿಸುತ್ತಾರೆ ಅಂದುಕೊಂಡಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಹೋದ ಸಲ ಡುಲೂತ್ ಬಂದರಿನಿಂದ ನೀನು ಮಾತಾಡಿದಾಗ ನನಗೆ ಅಳು ಬಂತು, ಅಳುತ್ತಾ ಜಗಳ ಆಡುವುದು ನನ್ನ ಕೈಲಾಗುವುದಿಲ್ಲ. ಕಾಗದದಲ್ಲಾದರೆ ಆಡಬಲ್ಲೆ.

ನಿನಗೆ ಗೊತ್ತಿರುವುದು ಇಷ್ಟೇ: ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ನನಗೆ ಸಿ ಪ್ಲಸ್ ಬಂತು, ಒಂದು ಪರೀಕ್ಷೆಗೆ ನಾನು ಹೊತ್ತಿಗೆ ಸರಿಯಾಗಿ ಹೋಗಲಿಲ್ಲ, ಡಾಕ್ಟರಾಗುವ ಆಸೆ ಬಿಡು ಅಂತ ಕಾಲೇಜಿನ ಸಲಹೆಗಾರ್ತಿ ಹೇಳಿದರು. ಪರೀಕ್ಷೆಗೆ ಯಾಕೆ ಹೋಗಲಿಲ್ಲ ಅಂತ ಹೇಳುವಷ್ಟರಲ್ಲಿ ನೀನು ಬುದ್ಧಿ ಹೇಳಲು ಶುರು ಮಾಡಿದೆ. ಈಗ ಕೇಳು. ವೃದ್ಧಾಶ್ರಮದಲ್ಲಿ ಅವತ್ತು ಬೆಳಗಿನ ಪಾಳಿ ನನ್ನದು. ಹಾಸಿಗೆ ಬದಲಾಯಿಸುವುದು, ಮೈ ಒರೆಸುವುದು, ತಿಂಡಿ ತಿನಿಸುವುದು. ಒಂಬತ್ತಕ್ಕೆ ಮುಗಿಸಿ ಹತ್ತಕ್ಕೆ ಪರೀಕ್ಷೆಗೆ ಹೋಗಬೇಕಿತ್ತು. ಎಂಟೂವರೆಗೆ ಮಿಸೆಸ್ ಪಾವ್ಲಿಕ್ ಅವರ ಕಾಲುಚೀಲ ತೆಗೆದೆ. ನಲವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಮುದುಕಿ ಅವರು, ಬಾಯಿ ಬಹಳ ಜೋರು. ಒಂದು ಕಾಲು ಎಂದಿನಂತೆ ಕಡ್ಡಿಯ ಹಾಗಿತ್ತು. ಇನ್ನೊಂದು ಬಾತುಕೊಂಡು ಬಿಸಿಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅವರು ನನಗೆ ಬೈಯಲೇ ಇಲ್ಲ. ಬೈಯುವಷ್ಟು ಉಸಿರು ಅವರಲ್ಲಿರಲಿಲ್ಲ.

ಓಡಿ ಹೋಗಿ ನರ್ಸ್ ಟ್ರೀನಾಗೆ ಹೇಳಿದೆ. ಇಪ್ಪತ್ತೆಂಟು ಜನಕ್ಕೆ ಒಬ್ಬಳೇ ಮಾತ್ರೆ ಹಂಚುತ್ತಿದ್ದಳು, ಪಾಪ. “ವಯಸ್ಸಾದವರ ಕಾಲು ಬಾತ್ಕೊಳ್ಳತ್ತೆ ಕಣೇ. ಹಾಸಿಗೆ ಬದಲಾಯಿಸೋಕೆ ಬಂದೋಳು ಹಾಸಿಗೆ ಬದಲಾಯಿಸು. ನೀನಿನ್ನೂ ಡಾಕ್ಟರ್ ಆಗಿಲ್ಲ” ಅಂದಳು. ಎರಡನೇ ಸಲ ಹೋದೆ, ಬಾಗಿಲು ತೋರಿಸಿದಳು. ಮೂರನೇ ಸಲ ಹೋಗಲಿಲ್ಲ, ನಾನೇ ಆಂಬುಲೆನ್ಸಿಗೆ ಫೋನ್ ಮಾಡಿದೆ. ಅವಸರದಲ್ಲಿ ವಿಳಾಸವನ್ನು ಎರಡು ಸಲ ತಪ್ಪು ಹೇಳಿದೆ. ಗಾಡಿ ಬಂತು. ನಾನು ಆಗಲೇ ಹೊರಟುಬಿಡಬಹುದಿತ್ತು ಅಂತ ನೀನು ಅನ್ನಬಹುದು, ಹೇಗೆ ಹೊರಡಲಿ? ಅವರು ನನ್ನ ಮಣಿಕಟ್ಟು ಹಿಡಿದಿದ್ದರು. ಬಿಡಿಸಿಕೊಳ್ಳಲು ಒಂದೊಂದೇ ಬೆರಳು ಎಬ್ಬಿಸಬೇಕಾಗಿತ್ತು, ನಾನು ಎಬ್ಬಿಸಲಿಲ್ಲ. ಆಸ್ಪತ್ರೆವರೆಗೂ ಹೋದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಒಂದು ಚೂರು ಶ್ವಾಸಕೋಶಕ್ಕೆ ಹೋಗಿತ್ತು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿಯ ಡಾಕ್ಟರ್ ಹೇಳಿದರು. ನನಗೆ ಹೇಳಿದ್ದಲ್ಲ, ಟ್ರೀನಾಗೆ ಫೋನಿನಲ್ಲಿ ಹೇಳಿದ್ದು.

ನಾನು ಕಾಲೇಜಿಗೆ ಬಂದಾಗ ಹತ್ತು ಐವತ್ತು. ನಾನೂರು ಜನ ಕೂರುವ ಹಾಲ್, ಬಾಗಿಲು ಹಾಕಿತ್ತು. ಗಾಜಿನಿಂದ ನೋಡಿದರೆ ಎಲ್ಲರ ತಲೆ ಬಗ್ಗಿತ್ತು. ಪ್ರೊಫೆಸರ್ ಬ್ರಾಂಟ್ ಕೆಟ್ಟವರಲ್ಲ, ಆಸ್ಪತ್ರೆಯ ಚೀಟಿಯನ್ನೂ ಓದಿದರು. “ರೋಗಿ ನೀನಲ್ಲವಲ್ಲ. ನಿನಗೊಬ್ಬಳಿಗೆ ನಿಯಮ ಬಿಟ್ಟರೆ ನಾಳೆ ನಲವತ್ತು ಜನ ಬಾಗಿಲಲ್ಲಿ ನಿಂತಿರ್ತಾರೆ” ಅಂದರು. ಆ ಪರೀಕ್ಷೆಗೆ ಸೊನ್ನೆ. ಉಳಿದ ಎರಡರಲ್ಲಿ ತೊಂಬತ್ತರ ಮೇಲೆ ತೆಗೆದೆ, ಆದರೂ ಎಲ್ಲ ಸೇರಿ ಸಿ ಪ್ಲಸ್. ಮೇಲಧಿಕಾರಿಯನ್ನು ಮೀರಿದ್ದಕ್ಕೆ ವೃದ್ಧಾಶ್ರಮದವರು ಎರಡು ವಾರ ಕೆಲಸಕ್ಕೆ ಬರಬೇಡ ಎಂದರು. ತಿರುಗಿ ಹೋದ ದಿನ ಮಿಸೆಸ್ ಪಾವ್ಲಿಕ್ ನನ್ನನ್ನು ದಿಟ್ಟಿಸಿ ನೋಡಿ, “ಓ, ಐಸ್ ಕೈಯೋಳು ಬಂದ್ಲು. ಬಿಸಿನೀರಲ್ಲಿ ಕೈ ಅದ್ದಿ ಆಮೇಲೆ ನನ್ನ ಮುಟ್ಟು” ಅಂದರು. ಅವತ್ತಿನದು ಅವರಿಗೆ ಒಂದಿಷ್ಟೂ ನೆನಪಿಲ್ಲ. ನಾನು ಸ್ನಾನದ ಮನೆಗೆ ಹೋಗಿ ನಕ್ಕು, ಅತ್ತು, ಕೈಯನ್ನೂ ಅದ್ದಿಕೊಂಡು ಬಂದೆ.

ಇನ್ನು ಮಿಸೆಸ್ ಹಾಲೋರನ್. ವೈದ್ಯಕೀಯ ಕಾಲೇಜಿಗೆ ಹೋಗುವವರಿಗೆಲ್ಲ ಸಲಹೆ ಕೊಡುವುದು ಅವರ ಕೆಲಸ, ಒಬ್ಬೊಬ್ಬರಿಗೆ ಹದಿನೈದು ನಿಮಿಷ. ನನ್ನ ಹೆಸರನ್ನು ಕಂಪ್ಯೂಟರ್ ನೋಡಿ ಓದಿದರು. “ನೋಡಮ್ಮಾ, ಇಂಥ ಅಂಕ ಇಟ್ಕೊಂಡು ನಿನ್ನ ಹಾಗೇ ಬರೋ ಇನ್ನೂರು ಜನರನ್ನ ನಾನು ಪ್ರತಿ ವರ್ಷ ನೋಡ್ತೀನಿ. ಬೇರೆ ದಾರಿ ನೋಡ್ಕೋ. ಅರ್ಜಿ ಹಾಕಲೇಬೇಕು ಅಂದ್ರೆ ಅದ್ರಲ್ಲಿ ಆ ಮುದುಕಿ ಕಥೆ ಮಾತ್ರ ಬರೀಬೇಡ, ಹೇಳಿದ ಮಾತು ಕೇಳದವಳು ಅಂದ್ಕೋತಾರೆ” ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ನಿನ್ನ ಮೇಲೆ. “ದೊಡ್ಡವರು ಹೇಳಿದ್ಮೇಲೆ ಅವರಿಗೆ ಗೊತ್ತಿರತ್ತೆ ಮಗಳೇ. ಮನೆಗೆ ಬಾ, ಅಮ್ಮ ಕೆಲಸ ಮಾಡೋ ಹಲ್ಲಿನ ಡಾಕ್ಟರ ಆಫೀಸಲ್ಲೇ ನೀನೂ ಕೆಲಸಕ್ಕೆ ಕೂತ್ಕೋ” ಅಂದೆಯಲ್ಲ, ಅಷ್ಟು ಮೆಲ್ಲಗೆ. ನೀನು ಕಿರುಚಿದ್ದರೆ ಮರೆತುಬಿಡುತ್ತಿದ್ದೆ. ಅಪ್ಪಾ, ಅವತ್ತಿನ ಬೆಳಗ್ಗೆ ಮತ್ತೆ ಬಂದರೆ ನಾನು ಮತ್ತೆ ಅದೇ ಕಾಲುಚೀಲ ತೆಗೆಯುತ್ತೇನೆ, ಅದೇ ಫೋನ್ ಮಾಡುತ್ತೇನೆ, ಮತ್ತೆ ಸೊನ್ನೆ ತಗೊಳ್ಳುತ್ತೇನೆ. ಹಾಗೆ ಮಾಡಿದವಳು ಡಾಕ್ಟರಾಗಲು ಲಾಯಕ್ಕಿಲ್ಲ ಅಂತ ಯಾರಾದರೂ ಹೇಳುವುದಾದರೆ ನನ್ನ ಮುಖ ನೋಡಿ ಹೇಳಲಿ. ಹದಿನೈದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಕೂತು ಹೇಳಲಿ.

ನಿನ್ನ ಜೊತೆಯವರಿಗೆಲ್ಲ ನನ್ನ ನೆನಪು ಹೇಳು. ಅಲೆ ಜೋರಿರುವಾಗ ಡೆಕ್ಕಿನ ಮೇಲೆ ಹುಷಾರು.

ನಿನ್ನ ಮಾತು ಕೇಳದ ಮಗಳು,
ಐಲಿ

ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ: ನಾನು ನಿನ್ನ ಒಪ್ಪಿಗೆ ಕೇಳುತ್ತಿಲ್ಲ. ಅರ್ಜಿ ನಿನ್ನೆಯೇ ಹೋಯಿತು, ಹನ್ನೊಂದು ಕಾಲೇಜುಗಳಿಗೆ, ಮಿಸೆಸ್ ಪಾವ್ಲಿಕ್ ಅವರ ಕಥೆಯ ಸಮೇತ. ಅದರಲ್ಲಿ ತಂದೆಯ ಓದು ಎಷ್ಟು ಅಂತ ಒಂದು ಪ್ರಶ್ನೆ ಇತ್ತು. ಇಷ್ಟು ವರ್ಷ ಎಲ್ಲ ಫಾರಂಗಳಲ್ಲೂ ನೀನು ‘ಹೈಸ್ಕೂಲ್ ಮುಗಿಸಿದ್ದಾರೆ’ ಅಂತ ಬರೆಸುತ್ತಿದ್ದೆ. ನಾನು ನಿಜ ಬರೆದೆ: ಹೈಸ್ಕೂಲನ್ನು ಅರ್ಧಕ್ಕೇ, ಹತ್ತನೇ ತರಗತಿಯಲ್ಲೇ ಬಿಟ್ಟರು, ಮೂವತ್ತೊಂದು ವರ್ಷದಿಂದ ಹಡಗಿನ ಕೂಲಿ. ನಾಚಿಕೆಪಡುವುದಿದ್ದರೆ ನೀನು ಪಡು. ನನಗೆ ಇಲ್ಲ.