ಮುಟ್ಟದೆ ಬಂದ ಕಾಫಿ

ಸೆಪ್ಟೆಂಬರ್ ೧೪, ಕಾಲಿಮಂಟಾನ್

ಲಮಿಯಾಂಗ್ ಅತ್ತೆ ಕೊಟ್ಟ ಕಾಫಿಯನ್ನು ಮುಟ್ಟದೆ ಬಂದುಬಿಟ್ಟೆ. ಯಾರಾದರೂ ಕೊಟ್ಟದ್ದನ್ನು ಕುಡಿಯದಿದ್ದರೂ ಬೆರಳಾದರೂ ತಾಗಿಸಬೇಕು. ಇಲ್ಲದಿದ್ದರೆ ದಾರಿಯಲ್ಲಿ ಕೇಡು ಕಾದಿರುತ್ತದೆ ಎಂಬುದು ನಮ್ಮವರ ನಂಬಿಕೆ.

ಕಾಡಿನ ಬೆಂಕಿ ಆರಿ ವಾರವಾಯಿತು, ಆದರೆ ಒಣಗಿದ ಜೌಗುನೆಲದಡಿ ಕೊಳೆತ ಎಲೆ-ಬೇರುಗಳ ಮಣ್ಣು ಒಳಗೊಳಗೇ ಬೇಯುತ್ತಿದೆ. ಉರಿಗಿಂತ ಈ ಕಾಣದ ಕಾವಿನಿಂದಲೇ ಮೀಥೇನ್ ಹೆಚ್ಚು ಏಳುತ್ತದೆ. ಅದನ್ನು ಅಳೆಯುವುದೇ ನನ್ನ ಕೆಲಸ. ಹೊಗೆಗೆ ಹೆದರಿ ಊರೆಲ್ಲ ಖಾಲಿಯಾಗಿದೆ. ಅತ್ತೆ ಒಬ್ಬಳೇ ಉಳಿದಿದ್ದಾಳೆ.

"ಮಣ್ಣಿನ ಉಸಿರು ಅಳೀತೀಯ, ನನ್ನ ಜೊತೆ ಕೂತು ಎರಡು ಮಾತಾಡೋಕೆ ಪುರುಸೊತ್ತಿಲ್ವೇನೇ?" ಎಂದಳು.

"ನಾಳೆ ಬರ್ತೀನಿ ಅತ್ತೆ" ಎಂದು ದೋಣಿ ಹತ್ತಿದೆ. ನಾಳೆ ಬೇರೆ ಊರಿನ ಸರದಿ.

ಕೋಣೆಗೆ ಬಂದು ಕಾಫಿ ಮಾಡಿದೆ, ಕುಡಿಯಲಾಗಲಿಲ್ಲ. ಲೋಟಕ್ಕೆ ಬೆರಳು ತಾಗಿಸಿದೆ. ಆಮೇಲೆ ನೆನಪಾಯಿತು, ಇದನ್ನು ನನಗೆ ಯಾರೂ ಕೊಟ್ಟಿಲ್ಲ.